ಮೂರ್ಛೆರೋಗದ ಔಷಧಿ ನಂಜಾದಾಗ: ಶ್ವಾಸಕೋಶಕ್ಕೆ ಒದಗುವ ಅಪಾಯಗಳು

ಮೂರ್ಛೆರೋಗ ಅಥವಾ ಅಪಸ್ಮಾರದಿಂದ ಬಳಲುವವರು ಸಾಮಾನ್ಯವಾಗಿ ವರ್ಷಗಟ್ಟಲೆ ಔಷಧಿ ಸೇವಿಸಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆಯಿದೆ. 1912ರಲ್ಲಿ ಬಳಕೆಗೆ ಬಂದ ಫಿನೋಬಾರ್ಬಿಟಾಲ್, 1938ರಲ್ಲಿ ಸೆಳವು ತಡೆಯುವ ಗುಣ ಪತ್ತೆಯಾದ ಫಿನಿಟಾಯಿನ್, ಆನಂತರ ಬಂದ ಕಾರ್ಬಮಜೆಪಿನ್ ಮತ್ತು ವಾಲ್‌ಪ್ರೊಯೇಟ್ ಅಸಂಖ್ಯ ರೋಗಿಗಳಿಗೆ ಸಹಜ ಬದುಕನ್ನು ಮರಳಿಸಿವೆ. ಆದರೆ ಇವು ದೇಹದಲ್ಲಿ ಮಿತಿಮೀರಿದಾಗ ಅಥವಾ ದೇಹಕ್ಕೆ ಒಗ್ಗದೆ ಹೋದಾಗ ವಿಷವಾಗಿ ಪರಿಣಮಿಸಬಲ್ಲವು. ಆಗ ಮೊದಲು ಕಾಣುವುದು ಮಿದುಳಿನ ಲಕ್ಷಣಗಳೇ ಆದರೂ ಪ್ರಾಣಕ್ಕೆ ಎರವಾಗುವುದು ಎಷ್ಟೋ ವೇಳೆ ಶ್ವಾಸಕೋಶದ ತೊಂದರೆ.

ನಂಜೇರುವುದು ಹೇಗೆ?

ರಕ್ತದಲ್ಲಿ ಫಿನಿಟಾಯಿನ್ ಪ್ರಮಾಣ ಪ್ರತಿ ಮಿಲಿಲೀಟರ್‌ಗೆ 10ರಿಂದ 20 ಮೈಕ್ರೋಗ್ರಾಂ ಇರುವುದು ಕ್ಷೇಮ. 20 ದಾಟಿದರೆ ಕಣ್ಣುಗುಡ್ಡೆಗಳು ಅದುರತೊಡಗುತ್ತವೆ, 30 ದಾಟಿದರೆ ನಡಿಗೆ ತೂರಾಡುತ್ತದೆ, 40 ಮೀರಿದರೆ ಮಂಪರು ಮತ್ತು ಗೊಂದಲ ಕವಿಯುತ್ತದೆ. ಈ ಔಷಧಿಯನ್ನು ಕರಗಿಸುವ ಯಕೃತ್ತಿನ ಕಿಣ್ವಗಳ ಸಾಮರ್ಥ್ಯಕ್ಕೆ ಮಿತಿಯುಂಟು. ಆ ಮಿತಿ ತುಂಬಿದ ಮೇಲೆ ಮಾತ್ರೆಯನ್ನು ಅಲ್ಪ ಪ್ರಮಾಣದಲ್ಲಿ ಹೆಚ್ಚಿಸಿದರೂ ರಕ್ತದಲ್ಲಿನ ಮಟ್ಟ ಒಮ್ಮೆಲೇ ಜಿಗಿಯುತ್ತದೆ.

ಬೇರೆ ಕಾಯಿಲೆಗೆ ಕೊಡುವ ಔಷಧಿಯೂ ನಂಜಿಗೆ ಕಾರಣವಾಗಬಹುದು. ಕ್ಷಯರೋಗಕ್ಕೆ ನೀಡುವ ಐಸೋನಿಯಾಜಿಡ್, ಫಿನಿಟಾಯಿನ್ ಮತ್ತು ಕಾರ್ಬಮಜೆಪಿನ್ ಎರಡರ ಮಟ್ಟವನ್ನೂ ಏರಿಸುತ್ತದೆ. ಎರಿತ್ರೋಮೈಸಿನ್, ಕ್ಲಾರಿತ್ರೋಮೈಸಿನ್‌ಗಳು ಕಾರ್ಬಮಜೆಪಿನ್ ಮಟ್ಟವನ್ನು ಹೆಚ್ಚಿಸುತ್ತವೆ. ಮಾತ್ರೆಯ ಪ್ರಮಾಣ ಬದಲಾಗದಿದ್ದರೂ ನಂಜು ಏರಿರುವುದರಿಂದ ಮನೆಯವರಿಗೆ ಕಾರಣವೇ ಹೊಳೆಯುವುದಿಲ್ಲ.

ಶ್ವಾಸಕೋಶಕ್ಕೆ ಹಾನಿ: ಮೂರು ದಾರಿಗಳು

ಮೊದಲನೆಯದು, ಹೊಟ್ಟೆಯಲ್ಲಿರುವುದು ಶ್ವಾಸನಾಳಕ್ಕೆ ಇಳಿಯುವುದು. ಪ್ರಜ್ಞೆ ಮಸುಕಾದವರಲ್ಲಿ ನುಂಗುವ ಮತ್ತು ಕೆಮ್ಮುವ ಪ್ರತಿಕ್ರಿಯೆಗಳು ಕುಂದಿರುತ್ತವೆ. ವಾಂತಿಯಾದಾಗ ಜಠರದ ಆಮ್ಲವೂ ಅನ್ನದ ಅಗುಳೂ ಶ್ವಾಸಕೋಶವನ್ನು ಸೇರುತ್ತವೆ. ಬಲಗಡೆಯ ಶ್ವಾಸನಾಳ ಹೆಚ್ಚು ನೇರವಾಗಿರುವುದರಿಂದ ಹಾನಿ ಹೆಚ್ಚಾಗಿ ಬಲ ಶ್ವಾಸಕೋಶಕ್ಕೆ. ಆಮ್ಲದಿಂದ ಕೆಲವೇ ಗಂಟೆಗಳಲ್ಲಿ ಉರಿಯೂತ ಉಂಟಾಗುತ್ತದೆ. ಒಂದೆರಡು ದಿನಗಳಲ್ಲಿ ಸೋಂಕು ಸೇರಿ ನ್ಯುಮೋನಿಯಾ ಆಗಬಹುದು.

ಎರಡನೆಯದು, ಉಸಿರಾಟವೇ ಕುಗ್ಗುವುದು. ಫಿನೋಬಾರ್ಬಿಟಾಲ್, ಕ್ಲೋನಾಜೆಪಾಮ್, ಕ್ಲೋಬಜಾಮ್‌ಗಳು ಅತಿಯಾದಾಗ ಮಿದುಳಿನ ಉಸಿರಾಟ ಕೇಂದ್ರ ಮಂಕಾಗುತ್ತದೆ. ಮದ್ಯ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ನರಗಳ ನೋವಿಗೂ ಬಳಸುವ ಗಾಬಾಪೆಂಟಿನ್, ಪ್ರೆಗಾಬಾಲಿನ್ ಔಷಧಿಗಳು ವೃದ್ಧರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಹಾಗೂ ಅಫೀಮು ವರ್ಗದ ನೋವುನಿವಾರಕ ಸೇವಿಸುವವರಲ್ಲಿ ಉಸಿರಾಟವನ್ನು ಗಂಭೀರವಾಗಿ ಕುಗ್ಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತು.

ಮೂರನೆಯದು, ದೇಹದ ಅತಿಸಂವೇದನೆ. ಇದಕ್ಕೆ ಮಾತ್ರೆ ಅತಿಯಾಗಬೇಕಿಲ್ಲ. ಫಿನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ಅಥವಾ ಲ್ಯಾಮೋಟ್ರಿಜಿನ್ ಆರಂಭಿಸಿದ 2ರಿಂದ 8 ವಾರಗಳಲ್ಲಿ ಜ್ವರ, ಚರ್ಮದ ಮೇಲೆ ದದ್ದು, ಮುಖದ ಊತ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತವೆ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಏರುತ್ತವೆ. ಹೆಚ್ಚಾಗಿ ಪೆಟ್ಟು ಬೀಳುವುದು ಯಕೃತ್ತಿಗೆ. ಕೆಲವರಲ್ಲಿ ಶ್ವಾಸಕೋಶವೂ ಉರಿಯೂತಕ್ಕೆ ಒಳಗಾಗಿ ಒಣಕೆಮ್ಮು, ಏದುಸಿರು ಬರುತ್ತವೆ. ಇದನ್ನು ಸಾಮಾನ್ಯ ಜ್ವರವೆಂದು ಭಾವಿಸಿ ಅದೇ ಮಾತ್ರೆಯನ್ನು ಮುಂದುವರಿಸಿದರೆ ಸ್ಥಿತಿ ಕೈಮೀರಬಹುದು.

ಈ ಯಾವುದೇ ದಾರಿಯಿಂದಾದರೂ ಹಾನಿ ತೀವ್ರವಾದಾಗ ಗಾಳಿಚೀಲಗಳಲ್ಲಿ ನೀರು ತುಂಬಿ, ರಕ್ತಕ್ಕೆ ಆಮ್ಲಜನಕ ದೊರೆಯದೆ ಕೃತಕ ಉಸಿರಾಟ ಅನಿವಾರ್ಯವಾಗುತ್ತದೆ.

ಚಿಕಿತ್ಸೆ

ಫಿನಿಟಾಯಿನ್, ಕಾರ್ಬಮಜೆಪಿನ್‌ಗಳಿಗೆ ನಿರ್ದಿಷ್ಟ ಪ್ರತಿವಿಷವಿಲ್ಲ. ಉಸಿರಿನ ದಾರಿಯನ್ನು ಕಾಪಾಡುವುದು, ಆಮ್ಲಜನಕ ನೀಡುವುದು, ಅಗತ್ಯವಿದ್ದರೆ ವೆಂಟಿಲೇಟರ್ ಅಳವಡಿಸುವುದು ಮೊದಲ ಕ್ರಮ. ಹೊಟ್ಟೆಯಲ್ಲಿ ಉಳಿದ ಔಷಧಿಯನ್ನು ಹೀರಲು ಇದ್ದಿಲು ಪುಡಿ ಕೊಡುವುದುಂಟು. ಆದರೆ ಪ್ರಜ್ಞೆಯಿಲ್ಲದವರಿಗೆ ಉಸಿರಿನ ದಾರಿಯನ್ನು ಭದ್ರಪಡಿಸದೆ ಅದನ್ನು ಕೊಟ್ಟರೆ ಅದೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ತೀವ್ರವಾಗಿ ನಂಜೇರಿದಾಗ ಡಯಾಲಿಸಿಸ್ ನೆರವಾಗುತ್ತದೆ. ಕಾರ್ಬಮಜೆಪಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಲಕ್ಷಣಗಳು ತಡವಾಗಿ ಉಲ್ಬಣಿಸಬಹುದು. ಆರಂಭದಲ್ಲಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯ ನಿಗಾ ತಪ್ಪಿಸಬಾರದು. ಅತಿಸಂವೇದನೆಯಾದರೆ ವೈದ್ಯರು ಕೂಡಲೇ ಆ ಔಷಧಿಯನ್ನು ನಿಲ್ಲಿಸಿ, ಲೆವೆಟಿರಾಸೆಟಾಮ್‌ನಂತಹ ಬೇರೆ ಗುಂಪಿನ ಔಷಧಿಗೆ ಬದಲಿಸುತ್ತಾರೆ.

ಮನೆಯವರು ಗಮನಿಸಬೇಕಾದದ್ದು

* ಮಂಪರಿನಲ್ಲಿರುವವರ ಬಾಯಿಗೆ ನೀರು, ಹಾಲು, ಮಜ್ಜಿಗೆ ಹಾಕಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ.
* ಒಂದು ಮಗ್ಗುಲಿಗೆ ಮಲಗಿಸಿ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಮಾತ್ರೆಯ ಪಟ್ಟಿಗಳನ್ನೂ ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯಬೇಕು.
* ಹೊಸ ಔಷಧಿ ಬರೆಸಿಕೊಳ್ಳುವಾಗ ಮೂರ್ಛೆರೋಗದ ಮಾತ್ರೆಯ ವಿಚಾರವನ್ನು ತಿಳಿಸಬೇಕು.
* ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಜ್ವರ, ದದ್ದು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು.
* ಅಡ್ಡಪರಿಣಾಮಕ್ಕೆ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹಾಗೆ ಮಾಡಿದರೆ ಬಿಡುವಿಲ್ಲದ ಸೆಳವು ಬಂದು ಜೀವಕ್ಕೇ ಕುತ್ತಾಗಬಹುದು.