ಸಮಿತಿಗೊಂದು ಮತ: ಇಂಗ್ಲೆಂಡಿನ ಧರ್ಮಶಿಕ್ಷಣ ಮತ್ತು ಸ್ಥಳೀಯ ಆಡಳಿತ

ಗಡಿನಾಡಿನ ಶಾಲೆಗಳ ಬಗ್ಗೆ ಮಾತಾಡುವಾಗ ನಾವು ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದೇ: ಪಾಠ ಏನಿರಬೇಕು ಅಂತ ನಿರ್ಧರಿಸುವ ಸಭೆಯಲ್ಲಿ ಯಾರು ಕೂತಿರ್ತಾರೆ? ಇಂಗ್ಲೆಂಡಿನಲ್ಲಿ ಧರ್ಮಶಿಕ್ಷಣದ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು.

ಅಲ್ಲಿನ 1870ರ ಶಿಕ್ಷಣ ಕಾಯ್ದೆಯು ಬೋರ್ಡ್ ಶಾಲೆಗಳಲ್ಲಿ ಯಾವುದೇ ಒಂದು ಕ್ರೈಸ್ತ ಪಂಥದ ವಿಶಿಷ್ಟ ಬೋಧೆಯನ್ನು ಕಲಿಸುವುದನ್ನು ನಿಷೇಧಿಸಿತು. ಮಗುವನ್ನು ಧರ್ಮದ ಪಾಠದಿಂದ ಹೊರಗಿಡುವ ಹಕ್ಕನ್ನೂ ಹೆತ್ತವರಿಗೆ ಕೊಟ್ಟಿತು. 1944ರ ಕಾಯ್ದೆ ಧರ್ಮಶಿಕ್ಷಣವನ್ನು ಕಡ್ಡಾಯ ಮಾಡಿದರೂ ಪಠ್ಯಕ್ರಮವನ್ನು ಲಂಡನ್ನಿನಲ್ಲಿ ಬರೆಯಲಿಲ್ಲ; ಸ್ಥಳೀಯ ಸಮ್ಮೇಳನಕ್ಕೆ ಬಿಟ್ಟಿತು. ಆಂಗ್ಲಿಕನ್ ಚರ್ಚು, ಇತರ ಪಂಥಗಳು, ಅಧ್ಯಾಪಕರು, ಸ್ಥಳೀಯ ಆಡಳಿತ ಹೀಗೆ ನಾಲ್ಕು ಸಮಿತಿ. ತಲೆಗೊಂದಲ್ಲ, ಸಮಿತಿಗೊಂದು ಮತ, ನಾಲ್ಕೂ ಒಪ್ಪಬೇಕು. ಅಂದರೆ ಸಂಖ್ಯೆಯ ಬಲದಿಂದ ಯಾರೂ ಗೆಲ್ಲುವ ಹಾಗಿಲ್ಲ.

1988ರಲ್ಲಿ ಪ್ರತಿ ಸ್ಥಳೀಯ ಆಡಳಿತಕ್ಕೂ ಖಾಯಂ ಸಲಹಾ ಮಂಡಳಿ ಕಡ್ಡಾಯವಾಯಿತು. ಪಠ್ಯಕ್ರಮವು ಕ್ರೈಸ್ತ ಪರಂಪರೆಯ ಜೊತೆಗೆ ಬ್ರಿಟನ್ನಿನ ಇತರ ಪ್ರಮುಖ ಧರ್ಮಗಳನ್ನೂ ಗಮನಿಸಬೇಕಾಯಿತು.

ಆದರೆ ಸದಸ್ಯರನ್ನು ನೇಮಿಸೋದು ಸ್ಥಳೀಯ ಆಡಳಿತವೇ ಅಲ್ವಾ? ತೊಡಕು ಅಲ್ಲೇ ಇತ್ತು. ಕೆಂಟ್ ಕೌಂಟಿ ಒಬ್ಬ ಮಾನವತಾವಾದಿಗೆ ಮಂಡಳಿಯಲ್ಲಿ ಸ್ಥಾನ ನಿರಾಕರಿಸಿತು. 2023ರಲ್ಲಿ ಹೈಕೋರ್ಟು ಅದು ಕಾನೂನುಬಾಹಿರ ಎಂದಿತು.

ಮತದ ಲೆಕ್ಕ ಎಷ್ಟೇ ನ್ಯಾಯವಾಗಿದ್ದರೂ ಸಭೆಯ ಬಾಗಿಲು ಯಾರ ಕೈಲಿದೆ ಅನ್ನೋದನ್ನು ಮೊದಲು ನೋಡಬೇಕು. ಭಾಷಾ ಅಲ್ಪಸಂಖ್ಯಾತರ ಶಾಲೆಗಳ ಚರ್ಚೆಗೂ ಈ ಮಾತು ಸಲ್ಲುತ್ತದೆ.