ಗೂಡು, ಎತ್ತಿನ ತೊಗಲು ಮತ್ತು ನನ್ನ ಕ್ಯಾಮೆರಾ

ಬೆಳಿಗ್ಗೆ ವಾಕಿಂಗ್ ಹೊರಟಾಗ ಕ್ಯಾಮೆರಾವನ್ನೂ ಹೆಗಲಿಗೆ ಹಾಕಿಕೊಳ್ಳುವ ಚಟ ನನಗೆ ಅಂಟಿ ಬಹಳ ವರ್ಷವಾಯ್ತು. ಕಾಡಿಗೆ ಹೋಗಿ ಹುಲಿ ಹುಡುಕಲು ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಬಡಾವಣೆಯ ಖಾಲಿ ಸೈಟುಗಳ ಓತಿಕ್ಯಾತ, ಅಳಿಲು, ಯಾವಾಗಲೋ ಒಮ್ಮೆ ಮುಂಗುಸಿ, ತಂತಿಬೇಲಿ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ... ಇಷ್ಟೇ ನನ್ನ ವನ್ಯಜೀವಿ ಸಂಪತ್ತು :) ಗೆಳೆಯರು ‘ಇದೂ ಒಂದು ವೈಲ್ಡ್ ಲೈಫಾ?’ ಅಂತ ನಗುತ್ತಾರೆ. ಅವರ ಬಾಯಿ ಮುಚ್ಚಿಸೋಣ ಅಂತಲೇ ಈ ಹವ್ಯಾಸದ ಚರಿತ್ರೆ ಕೆದಕಲು ಕೂತೆ.

ಸಿಕ್ಕವರು ಇಂಗ್ಲೆಂಡಿನ ಅಣ್ಣತಮ್ಮಂದಿರು, ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್. ಯಾರ್ಕ್‌ಷೈರಿನ ಹಳ್ಳಿಯವರು, ಕುರಿ ಸಾಕುವ ಮನೆತನ. ಇಬ್ಬರೂ ಲಂಡನ್ನಿನ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. 1892ರಲ್ಲಿ ಲಂಡನ್ನಿನ ಉತ್ತರದ ಹೊರವಲಯದಲ್ಲಿ ಸುತ್ತಾಡುವಾಗ ಒಂದು ಥ್ರಶ್ ಹಕ್ಕಿಯ ಗೂಡು ಕಂಡಿತು. ಚೆರ್ರಿ ತನ್ನ ಅಗ್ಗದ ಕ್ಯಾಮೆರಾದಲ್ಲಿ ಅದರ ಚಿತ್ರ ತೆಗೆದ. ಮೊಟ್ಟೆಗಳಿರುವ ಹಕ್ಕಿಗೂಡಿನ ಮೊದಲ ಫೋಟೋ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಅಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ!

ಆ ಕಾಲದಲ್ಲಿ ಹಕ್ಕಿಪ್ರಿಯರು ಅಂದರೆ ಹಕ್ಕಿಗೆ ಗುಂಡು ಹೊಡೆದು ಒಳಗೆ ಹತ್ತಿ ತುಂಬಿಡುವವರು, ಗೂಡಿನಿಂದ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸುವವರು. ಕ್ಯಾಮೆರಾ ಇತ್ತು ನಿಜ, ಆದರೆ ಮೊದಲಿನ ಒದ್ದೆ ಗಾಜಿನ ಪ್ಲೇಟುಗಳನ್ನು ಸ್ಥಳದಲ್ಲೇ, ಒಣಗುವ ಮುಂಚೆ ಸಂಸ್ಕರಿಸಬೇಕಿತ್ತು. ರಾಸಾಯನಿಕ, ಕತ್ತಲೆ ಡೇರೆ ಎಲ್ಲ ಹೊತ್ತುಕೊಂಡು ಗೂಡಿನ ಬಳಿ ಹೋಗುವವರು ಯಾರು? 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಒಣ ಪ್ಲೇಟಿನ ವಿಧಾನ ಪ್ರಕಟಿಸಿದ. ಅದು ಸುಧಾರಿಸಿ ಅಂಗಡಿಗೆ ಬಂದ ಮೇಲೆ ಪ್ಲೇಟು ಜೊತೆಗೊಯ್ದು, ಮನೆಗೆ ಬಂದು ನಿಧಾನವಾಗಿ ತೊಳೆಯುವ ಹಾಗಾಯ್ತು. ಹಾಗಾಗಿಯೇ ಈ ಅಣ್ಣತಮ್ಮಂದಿರು 1895ರಲ್ಲಿ ಹಕ್ಕಿಗೂಡುಗಳದ್ದೇ ಒಂದು ಪುಸ್ತಕವನ್ನು ಪೂರ್ತಿ ಫೋಟೋಗಳಿಂದಲೇ ತರಲು ಸಾಧ್ಯವಾಯ್ತು. ಮೊಟ್ಟೆ ಕದಿಯದೆಯೂ ಮನೆಗೆ ತರಬಹುದು ಅಂತಾಯ್ತು.

ಹಕ್ಕಿ ಹತ್ತಿರ ಬರಬೇಕಲ್ಲ, ಅದಕ್ಕೆ ಮಾಡಿದ ಉಪಾಯಗಳೋ ಒಂದಕ್ಕಿಂತ ಒಂದು! ನಕಲಿ ಮರದ ಬೊಡ್ಡೆ, ನಕಲಿ ಕುರಿ. 1900ರಲ್ಲಂತೂ ನಿಜವಾದ ಎತ್ತಿನ ತೊಗಲನ್ನೇ ಚೌಕಟ್ಟಿಗೆ ಹೊದಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಮುದುರಿಕೊಂಡು ಕೂರುತ್ತಿದ್ದರು. (ನಮ್ಮ ಬಡಾವಣೆಯಲ್ಲಿ ನಾನು ಹೀಗೆ ಕೂತರೆ ಬೀದಿನಾಯಿಗಳು ಬಿಟ್ಟಾವೆಯೇ?) ಚೆರ್ರಿ ಆಮೇಲೆ ಆಫ್ರಿಕಾಕ್ಕೆ ಹೋಗಿ ಸಿನಿಮಾ ತೆಗೆದ, ಹೆಸರು ಮಾಡಿದ. ನನಗೆ ಆ ಭಾಗ ಅಷ್ಟು ರುಚಿಸಲಿಲ್ಲ.

ನಮ್ಮ ತೇಜಸ್ವಿಯವರೂ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರೇ. ಗೆಳೆಯರಿಗೆ ಇಷ್ಟು ಸಾಕಿತ್ತು.

ಆದರೆ ಆ 1892ರ ಗೂಡಿನ ಬಗ್ಗೆ ಓದುವಾಗ ನನ್ನದೇ ಒಂದು ಹಳೇ ಫೋಲ್ಡರ್ ನೆನಪಾಗಿ ಹೊಟ್ಟೆ ಚುರುಕ್ ಅಂತು. ನಮ್ಮ ಗೇಟಿನ ಪಕ್ಕದ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ನಸುಗೆಂಪು ಚುಕ್ಕೆಗಳ ಮೂರು ಮೊಟ್ಟೆ. ದಿನಾ ಬೆಳಿಗ್ಗೆ ಒಂದು ಫೋಟೋ. ಮರಿಯಾದ ಮೇಲೆ ಬೆಳಕು ಸಾಲದು ಅಂತ ಅಡ್ಡವಿದ್ದ ಕೊಂಬೆಯನ್ನು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿದೆ. ಫೋಟೋ ಬಹಳ ಚೆನ್ನಾಗಿ ಬಂತು. ಮಾರನೇ ದಿನ ಗೂಡು ಖಾಲಿ. ಕಾಂಪೌಂಡ್ ಮೇಲೆ ಕಾಗೆ ಕೂತಿತ್ತು. ತಾಯಿಹಕ್ಕಿ ಎರಡು ದಿನ ತಂತಿಯ ಮೇಲೆ ಕೂಗುತ್ತಲೇ ಇತ್ತು. ಅಮ್ಮ ಏನೂ ಅನ್ನಲಿಲ್ಲ, ದಾರ ಬಿಚ್ಚಿ ಒಳಗೆ ತಂದಿಟ್ಟರು.

ಈಗ ಎಷ್ಟೋ ಫೋಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ಸ್ವೀಕರಿಸುವುದೇ ಇಲ್ಲ. ಕಾರಣ ನನ್ನಂಥವರೇ. ಆ ಫೋಟೋವನ್ನು ನಾನು ಇಲ್ಲಿ ಹಾಕಿಲ್ಲ, ಅಳಿಸಿಯೂ ಇಲ್ಲ.

ಈ ವರ್ಷ ಅದೇ ದಾಸವಾಳದಲ್ಲಿ ಮತ್ತೆ ಗೂಡಾಗಿದೆ. ಒಳಗೆ ಎಷ್ಟು ಮೊಟ್ಟೆ ಇದೆಯೋ ನೋಡಿಲ್ಲ. ಒಂದು ವಾರದಿಂದ ಹಿತ್ತಲ ಬಾಗಿಲಿಂದಲೇ ವಾಕಿಂಗ್ ಹೊರಡುತ್ತಿದ್ದೇನೆ.