ಕಚೇರಿಗಳ ನಿಸ್ತಂತು ಜಾಲ: ಕೇಂದ್ರ ನಿಯಂತ್ರಣದ ಇತಿಹಾಸ

ದೂರದೂರದ ವ್ಯವಹಾರವನ್ನು ಒಂದು ಕೇಂದ್ರದಿಂದ ನಡೆಸುವ ಸಮಸ್ಯೆ ಉಡುಪಿಗೆ ಹೊಸತಲ್ಲ. 1925ರಲ್ಲಿ ಇಲ್ಲಿ ಸ್ಥಾಪಿತವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ನಿಯಮ ಬ್ಯಾಂಕಿನದು, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆಯುವ ಕೆಲಸ ಮನೆಬಾಗಿಲಿಗೆ ಹೋಗುವ ಸಂಗ್ರಾಹಕನದು. ಕಚೇರಿಗಳ ನಿಸ್ತಂತು ಜಾಲದ ಇತಿಹಾಸದಲ್ಲಿಯೂ ಇಂತಹುದೇ ಕಾರ್ಯವಿಭಾಗವನ್ನು ನಾವು ಕಾಣುತ್ತೇವೆ.

1997ರಲ್ಲಿ ಐಇಇಇ 802.11 ಮಾನಕವು ಪ್ರಕಟವಾದ ಮೇಲೂ ಕೆಲವು ವರ್ಷ, ತರಂಗಗಳನ್ನು ಪ್ರಸರಿಸುವ ಪ್ರತಿಯೊಂದು ಆಕ್ಸೆಸ್ ಪಾಯಿಂಟನ್ನೂ ಬೇರೆಬೇರೆಯಾಗಿ ಹೊಂದಿಸಬೇಕಾಗಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಪರಸ್ಪರ ಬಾಧಿಸದಂತೆ ಬಳಸುವ ರೂಢಿಯಿರುವುದು 1, 6, 11 ಎಂಬ ಮೂರೇ ಚಾನೆಲ್‌ಗಳನ್ನು. ನೆರೆಯ ಎರಡು ಸಾಧನಗಳು ಒಂದನ್ನೇ ಹಿಡಿದರೆ ಎರಡರ ವೇಗವೂ ಕುಗ್ಗುತ್ತದೆ. ಆದುದರಿಂದ 2000ದ ದಶಕದ ಆದಿಭಾಗದಲ್ಲಿ ಚಾನೆಲ್, ಪ್ರಸಾರಶಕ್ತಿ, ಪ್ರವೇಶಾಧಿಕಾರಗಳ ನಿರ್ಧಾರವು ಕಂಟ್ರೋಲರ್ ಎಂಬ ಕೇಂದ್ರಯಂತ್ರಕ್ಕೆ ಸೇರತೊಡಗಿತು. ಭಾರತದಲ್ಲಿ 2005ರಲ್ಲಿ ಈ ಪಟ್ಟಿಯ ಬಳಕೆಗೆ ಪರವಾನಗಿಯ ಅಗತ್ಯ ತಪ್ಪಿತು. 2009ರಲ್ಲಿ ಕಂಟ್ರೋಲರಿಗೂ ಆಕ್ಸೆಸ್ ಪಾಯಿಂಟಿಗೂ ನಡುವಣ ಸಂವಹನಕ್ಕೆ ಕ್ಯಾಪ್‌ವ್ಯಾಪ್ ಎಂಬ ಮಾನಕ ದೊರೆಯಿತು.

ಆದರೆ ಆರಂಭದ ಅನೇಕ ಜಾಲಗಳಲ್ಲಿ ದತ್ತಾಂಶವೂ ಕಂಟ್ರೋಲರಿನ ಮೂಲಕವೇ ಹಾದುಹೋಗುತ್ತಿತ್ತು. ಕೇಂದ್ರದ ಸಂಪರ್ಕ ಕಡಿದರೆ ಶಾಖೆಯ ಕೆಲಸವೂ ನಿಲ್ಲುತ್ತಿತ್ತು. ಕೇಂದ್ರ ಮಣಿಪಾಲದಲ್ಲಿಯೂ ಶಾಖೆ ಕಡಿಯಾಳಿಯಲ್ಲಿಯೂ ಇರುವ ಸಂಸ್ಥೆಯೊಂದನ್ನು ಊಹಿಸೋಣ. ಮುರಕಲ್ಲಿನ ದಪ್ಪ ಗೋಡೆಗಳು ತರಂಗಗಳನ್ನು ಕುಂದಿಸುವುದರಿಂದ, ಕೋಣೆಕೋಣೆಯಲ್ಲಿ ಅಳೆದೇ ಸಾಧನಗಳ ಸ್ಥಾನವನ್ನು ಗೊತ್ತುಪಡಿಸಬೇಕು. ಮಳೆಗಾಲದಲ್ಲಿ ಹೊರಗಿನ ತಂತಿ ಕಡಿದಾಗಲೂ ಶಾಖೆಯೊಳಗಿನ ಕಂಪ್ಯೂಟರುಗಳೂ ಮುದ್ರಣಯಂತ್ರವೂ ಪರಸ್ಪರ ಸಂಪರ್ಕದಲ್ಲಿ ಉಳಿಯಬೇಕು. ನಿಯಮವನ್ನು ಕೇಂದ್ರಕ್ಕೊಪ್ಪಿಸಿ ನಿತ್ಯದ ವ್ಯವಹಾರವನ್ನು ಶಾಖೆಯಲ್ಲಿಯೇ ಉಳಿಸುವುದು ಉತ್ತಮ ರಚನೆಯ ಲಕ್ಷಣವೆಂದು ನಮ್ಮ ಅಭಿಪ್ರಾಯ.